ಶಾಣ್ಯಾ ಬೆಂಕಿ

ನಮ್ಮ ಕಡೆ ಅಳದ ಕೂಸಿಗೆ ಶಾಣ್ಯಾ ಅನ್ನುತ್ತಾರೆ. ಹಸಿವಾದರೂ ಸುಮ್ಮನಿದ್ದರೆ ಶಾಣ್ಯಾ, ಒದ್ದೆಯಲ್ಲಿ ಮಲಗಿದ್ದರೂ ಸುಮ್ಮನಿದ್ದರೆ ಇನ್ನೂ ಶಾಣ್ಯಾ. ನನ್ನ ಮೊದಲ ಮಗ ಅಂಥ ಕೂಸು. ಕಾಗಿಣಾ ನದಿಯ ದಂಡೆಗಿರುವ ದಂಡೋತಿಯಲ್ಲಿ, ನನ್ನ ಗಂಡನ ಮನೆಯಲ್ಲಿ, ಎಳ್ಳಮಾಸಿಯ ಆಸುಪಾಸಿನ ಚಳಿಯಲ್ಲಿ ಅವನು ತಾನು ತೋಯಿಸಿಕೊಂಡ ಬಟ್ಟೆಯ ಮೇಲೆಯೇ ಬೆಳಕು ಹರಿಯುವವರೆಗೂ ಮಲಗಿದ್ದ. ಒಂದು ಸಲವೂ ಅಳಲಿಲ್ಲ. ಇಡೀ ದಿನ ಹೊಲದಲ್ಲಿ ದುಡಿದು ಬಂದ ನಾನು ಪಕ್ಕದಲ್ಲೇ ಸತ್ತವಳಂತೆ ಬಿದ್ದಿದ್ದೆ. ಎದ್ದು ನೋಡಿದರೆ ಕೂಸಿನ ಪಕ್ಕೆಗಳು ಒಳಗೆ ಸೆಳೆದುಕೊಳ್ಳುತ್ತಿದ್ದವು. ಚಿತ್ತಾಪುರದ ದವಾಖಾನೆಗೆಂದು ಬಂಡಿ ಕಟ್ಟಿದೆವು. ದವಾಖಾನೆ ಕಾಣುವ ಮೊದಲೇ ಮಗ ಹೋದ.

ಹೆಣವನ್ನು ನನ್ನ ಕೈಯಿಂದ ತೆಗೆದುಕೊಂಡವಳು ನನ್ನ ಅತ್ತೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ, ಯಾಕೆಂದರೆ ನಮ್ಮಿಬ್ಬರಿಗೂ ಬಾಯಿಗೇನೂ ಕಡಿಮೆ ಇರಲಿಲ್ಲ. ಬಂಡಿಯಲ್ಲಿ ಕೂತವಳು ಒಂದೇ ಮಾತು ಅಂದಳು: "ಥಂಡಿ ತಿಂತು ನನ್ನ ಮೊಮ್ಮಗನ್ನ." ಅವತ್ತಿನಿಂದ ಥಂಡಿ ಅಂದರೆ ಅವಳಿಗೆ ಹವೆಯಲ್ಲ, ಹೆಸರು ಹಿಡಿದು ಬೈಯಬಹುದಾದ ಒಬ್ಬ ಹಗೆ. ಬಾಗಿಲು ತೆರೆದಿಟ್ಟರೆ "ಬಾ, ಒಳಗ ಬಾ, ಯಾರ ಮನಿ ಮುರೀಲಿಕ್ಕ ಬಂದಿ" ಎಂದು ಅದರೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದಳು. ನಮ್ಮ ಮಾವ ಬದುಕಿದ್ದಾಗ ಅದೇ ನದಿಯಲ್ಲಿ ಹರಗೋಲು ಹಾಕುತ್ತಿದ್ದರಂತೆ. ನೀರಿನ ಪಕ್ಕದಲ್ಲೇ ಹುಟ್ಟಿ, ನೀರಿನ ಪಕ್ಕದಲ್ಲೇ ಮುದುಕಿಯಾದವಳು ಚಳಿಗೆ ಇಷ್ಟು ಹೆದರುವುದನ್ನು ನೋಡಿ ಊರಿನವರು ನಗುತ್ತಿದ್ದರು. ನಾನು ನಗಲಿಲ್ಲ.

ಆಮೇಲೆ ಮಗಳು ಹುಟ್ಟಿದಳು. ರಜಾಕಾರರ ಗದ್ದಲ ಮುಗಿದು, ಊರಲ್ಲಿ ಜನ ಮತ್ತೆ ಬಾಗಿಲು ತೆರೆದು ಕೂರತೊಡಗಿದ್ದ ಕಾಲ ಅದು. ನನ್ನ ಗಂಡನಿಗೆ ವಾಡಿಯಲ್ಲಿ ರೈಲು ಎಂಜಿನ್ನುಗಳ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಎಂಜಿನ್ನಿನ ಹೊಟ್ಟೆಯೊಳಗಿನ ಬೂದಿಯನ್ನು ಕೆರೆದು ಕೆಳಗಿನ ಗುಂಡಿಗೆ ಕೆಡವುವ ಕೆಲಸ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಮನೆಗೆ ಬಂದಾಗ ಕಣ್ಣು ಮತ್ತು ಹಲ್ಲು ಮಾತ್ರ ಬಿಳಿ. ಮಗಳು ಮೊದಮೊದಲು ಅಪ್ಪನನ್ನು ನೋಡಿ ಚೀರುತ್ತಿದ್ದಳು. ಈ ಹುಡುಗಿ ಅಣ್ಣನಂತಲ್ಲ, ಚೀರುವುದಕ್ಕೇ ಹುಟ್ಟಿದವಳು. ಅತ್ತೆ ಅವಳನ್ನು "ಬಾಯಿಬಡಕಿ" ಎಂದೇ ಕರೆಯುತ್ತಿದ್ದಳು.

ವಾಡಿಯಲ್ಲಿ ನಮಗೆ ಸಿಕ್ಕಿದ್ದು ಸಾಲುಮನೆಯ ಒಂದು ಖೋಲಿ. ಆ ಕಡೆಯ ಮನೆಗಳೆಲ್ಲ ಕಲ್ಲಿನವು ಅಂದರೆ ದೂರದವರಿಗೆ ಏನೋ ವೈಭವ ಅನಿಸಬಹುದು. ಶಹಾಬಾದಿನ ಗಣಿಯಿಂದ ಬಂದ ಪರಸಿ ಕಲ್ಲಿನ ಹಾಸು, ನೆಟ್ಟಗೆ ನಿಲ್ಲಿಸಿದ ಪರಸಿಯ ಗೋಡೆ, ಮೇಲೆ ಹೊದಿಸಿದ್ದೂ ಅದೇ ಪರಸಿ. ಬೇಸಿಗೆಯಲ್ಲಿ ರೊಟ್ಟಿಯ ಹಂಚು, ಚಳಿಗಾಲದಲ್ಲಿ ಬಾವಿಯ ತಳ. ಹಿಂದಿನ ಗೋಡೆಯಲ್ಲಿ ಕೈ ತೂರುವಷ್ಟು ಒಂದು ಕಿಂಡಿ. ಮುಂದೆ ಒಂದು ಬಾಗಿಲು, ಅದರ ಕೆಳಗೆ ಹೊಸ್ತಿಲಿಗೂ ಹಲಗೆಗೂ ನಡುವೆ ಬೆಕ್ಕಿನ ಮರಿ ನುಸುಳುವಷ್ಟು ಸಂದು. ಆ ಸಂದಿನಿಂದ ಗಾಳಿ ಒಳಗೆ ಬಂದು ನೆಲದುದ್ದಕ್ಕೂ ಹರಿಯುತ್ತಿತ್ತು. ಕೌದಿ ಹಾಸಿದರೂ ಕಲ್ಲಿನ ತಣ್ಣಗಿನ ಸೆಳೆತ ಬೆನ್ನಿಗೆ ತಾಗುತ್ತಿತ್ತು.

ಮಗಳು ನಡೆಯಲು ಕಲಿತ ವರ್ಷ, ದೀಪಾವಳಿ ಮುಗಿಯುತ್ತಲೇ ಅತ್ತೆ ದಂಡೋತಿಯಿಂದ ಬಂದಿಳಿದಳು. ತಲೆಯ ಮೇಲೆ ಒಂದು ದೊಡ್ಡ ಗಂಟು. ಬಿಚ್ಚಿದರೆ ಹೊಸದಾಗಿ ಹೊಲಿದ ಕೌದಿ. ಮಾವನ ಧೋತರ, ತನ್ನ ಹಳೆಯ ಸೀರೆಗಳು, ಯಾರದೋ ಮನೆಯಲ್ಲಿ ಬೇಡಿ ತಂದ ಕಂಬಳಿಯ ತುಂಡು, ಎಲ್ಲ ಸೇರಿಸಿ ಹೊಲಿದದ್ದು. ಅದು ಎಷ್ಟು ಭಾರವಿತ್ತೆಂದರೆ ಮಗಳ ಮೇಲೆ ಹೊದಿಸಿದರೆ ಅವಳು ಮಗ್ಗುಲಾಗಲೂ ಒದ್ದಾಡುತ್ತಿದ್ದಳು.

"ಇದೇನು ಕೂಸಿಗಿ ಹೊದಿಸಲಿಕ್ಕೋ, ಹೂಳಲಿಕ್ಕೋ?" ಅಂದೆ.

"ಮುಚ್ಚು ಬಾಯಿ. ಈ ಚಳಿಗಾಲ ಮುಗಿಯೋ ತನಕ ಈಕಿ ನನ್ನ ಮಗ್ಗಲಾಗ ಮಲಗತಾಳ. ಒಂದನ್ನ ಕೊಟ್ಟೀನಿ, ಇನ್ನೊಂದನ್ನ ಕೊಡಂಗಿಲ್ಲ," ಅಂದಳು ಅತ್ತೆ.

ಕೊಡುವುದಿಲ್ಲ ಎಂಬ ಮಾತನ್ನು ಅವಳು ನನಗೆ ಹೇಳಲಿಲ್ಲ, ಬಾಗಿಲಿನ ಕಡೆ ನೋಡಿ ಹೇಳಿದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಕೂಸನ್ನು ನನ್ನ ಮಗ್ಗುಲಿನಿಂದ ಕಿತ್ತುಕೊಳ್ಳುತ್ತಾಳೆಂದು ಸಿಟ್ಟು. ಅವಳ ಮಗ್ಗುಲಲ್ಲೇ ಅದು ಬದುಕಿ ಉಳಿಯುತ್ತದೆಂದು ನನಗೂ ಒಳಗೊಳಗೆ ನಂಬಿಕೆಯಿತ್ತು, ಅದಕ್ಕೆ ಅಳು.

ನಮ್ಮ ಊರುಗಳಲ್ಲಿ ಬಾಣಂತಿಯ ಹೊರಸಿನ ಕೆಳಗೆ ಬೆಂಕಿ ಇಡುವ ರೂಢಿ. ಒಡೆದ ಗಡಿಗೆಯಲ್ಲಿ ಸೆಗಣಿ ಕುಳ್ಳಿನ ಕೆಂಡ, ಮೇಲೆ ಒಂದು ಚಿಟಿಕೆ ಅಜವಾನ. ಬಾಣಂತಿ ಎದ್ದ ಮೇಲೂ ಕೂಸಿಗಾಗಿ ಚಳಿಗಾಲದುದ್ದಕ್ಕೂ ಅದು ನಡೆಯುತ್ತಿತ್ತು. ದಂಡೋತಿಯ ಮಣ್ಣಿನ ಮನೆಗೆ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಹೊಗೆ ಮೇಲೆ ಹೋಗುತ್ತಿತ್ತು. ವಾಡಿಯಲ್ಲಿ ಅತ್ತೆ ಅದೇ ಕುಳ್ಳಿನ ಬೆಂಕಿಯನ್ನು ಖೋಲಿಯೊಳಗೆ ಇಟ್ಟಳು. ಮೇಲೆ ಹೋಗಲು ದಾರಿಯಿಲ್ಲದ ಹೊಗೆ ನಮ್ಮ ಕಣ್ಣು ಮೂಗಿನಲ್ಲೇ ಮನೆ ಮಾಡಿತು. ಕೆಮ್ಮಿ ಕೆಮ್ಮಿ ನಾವೇ ಎದ್ದು ಬಾಗಿಲು ತೆರೆಯುತ್ತಿದ್ದೆವು, ಹೊಗೆ ಹೊರಗೆ ಹೋದಷ್ಟೇ ಚಳಿ ಒಳಗೆ ಬರುತ್ತಿತ್ತು. ಮಗಳ ಕಣ್ಣು ಕೆಂಪಾಗಿ ಕೀವು ಕಟ್ಟಿತು. ಪಕ್ಕದ ಖೋಲಿಯವರು ಬಂದು ಜಗಳ ತೆಗೆದರು.

"ಯವ್ವಾ, ಇದು ದಂಡೋತಿ ಅಲ್ಲ," ಅಂದ ನನ್ನ ಗಂಡ. "ಮಂದಿ ಬಾಗಿಲಿಗಿ ಬಂದು ಬೈಲಿಕತ್ತಾರ. ಕುಳ್ಳ ಬಿಡು. ನಾ ಕೊಯ್ಲಾ ತರತೀನಿ."

ಅವನು ತಂದದ್ದು ಎಂಜಿನ್ನಿನಿಂದ ಬೂದಿಯ ಜೊತೆ ಬಿದ್ದ ಅರ್ಧ ಉರಿದ ಕಲ್ಲಿದ್ದಲು. ಆ ಗುಂಡಿಯ ಸುತ್ತ ವಾಡಿಯ ಬಡವರೆಲ್ಲ ಬುಟ್ಟಿ ಹಿಡಿದು ಕೂರುತ್ತಿದ್ದರು, ಆಮೇಲೆ ನಾನೂ ಕೂತೆ. ಬೂದಿ ಕೆದಕಿ, ಕಪ್ಪಗೆ ಉಳಿದದ್ದನ್ನು ಆರಿಸಬೇಕು. ಅದನ್ನು ಹೊರಗಿನ ಕಟ್ಟೆಯ ಮೇಲೆ ಕಬ್ಬಿಣದ ಸಿಗಡಿ ಒಲೆಗೆ ಹಾಕಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಪಗಾಗುವವರೆಗೆ ಬೀಸಿ, ಆಮೇಲೆ ಒಳಗೆ ತರುವುದು. ಸಾಲುಮನೆಯಲ್ಲಿ ಅಡಿಗೆಗೆ ಎಲ್ಲರೂ ಹಾಗೇ ಮಾಡುತ್ತಿದ್ದರು.

ಅತ್ತೆ ಸಿಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಮುಖವೆಲ್ಲ ಕೆಂಪಗೆ ಬೆಳಗುತ್ತಿತ್ತು. "ನೋಡ ಯವ್ವಾ, ಎಷ್ಟು ಶಾಣ್ಯಾ ಅದ ಈ ಬೆಂಕಿ. ಕಣ್ಣ ಉರಸಂಗಿಲ್ಲ, ಕೆಮ್ಮಸಂಗಿಲ್ಲ. ತನ್ನ ಪಾಡಿಗಿ ತಾ ಕುಂತದ," ಅಂದಳು. ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, "ಇದರ ಹಂಗ ಶಾಣ್ಯಾ ಆಗು, ಬಾಯಿಬಡಕಿ," ಅಂದಳು. ನಾವೆಲ್ಲ ನಕ್ಕೆವು. ಆ ರಾತ್ರಿ ವಾಡಿಗೆ ಬಂದ ಮೇಲೆ ಮೊದಲ ಸಲ ನನ್ನ ಪಾದಗಳು ಬೆಚ್ಚಗಾದವು. ನಾನೂ ಆ ಬೆಂಕಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಗಳ ಆರೈಕೆ ಪೂರ್ತಿ ಅತ್ತೆಯದೇ ಆಯಿತು. ನೀರು ಎರೆಯುವಾಗ ಗದ್ದಕ್ಕೆ ಕೈ ಕೊಟ್ಟು ಮುಖ ಮೇಲೆತ್ತಿ ಹಿಡಿಯುತ್ತಿದ್ದಳು. ಒಂದು ಹನಿ ಮೂಗಿಗೆ ಹೋದರೂ ನನ್ನನ್ನೇ ಗದರಿಸುತ್ತಿದ್ದಳು: "ಮೊದಲ ಮೂಗ ಮ್ಯಾಲಿರಲಿ, ಉಳಕಿದ್ದು ಆಮ್ಯಾಲ. ನಾವು ನದಿ ಮಂದಿ ಇದ್ದೀವಿ, ಇಷ್ಟೂ ಗೊತ್ತಿಲ್ಲೇನು ನಿನಗ?" ನಾನು ನದಿಯ ಮಂದಿಯವಳಲ್ಲವೇನೋ ಎಂಬಂತೆ ಹೇಳುತ್ತಿದ್ದಳು. ನನ್ನ ತವರೂ ಅದೇ ದಂಡೆಯ ಮೇಲಿತ್ತು.

ಕೆಲವು ದಿನಗಳಾದ ಮೇಲೆ ಬೆಳಿಗ್ಗೆ ಏಳುವಾಗ ತಲೆ ಸಿಡಿಯತೊಡಗಿತು. ಅತ್ತೆಗೂ ಹಾಗೇ, ನನಗೂ ಹಾಗೇ. ಮಗಳು ಎದ್ದವಳೇ ವಾಂತಿ ಮಾಡಿ, ಹೊರಗೆ ಬಿಸಿಲಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ಸರಿಯಾಗುತ್ತಿದ್ದಳು. ಅತ್ತೆ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ನೆಲವನ್ನೆಲ್ಲ ಕೈಯಿಂದ ಸವರಿ ನೋಡಿದಳು. ಬಾಗಿಲಿನ ಸಂದಿಗೆ ಬಂದಾಗ ಅವಳ ಕೈ ನಿಂತಿತು.

"ಇಲ್ಲಿಂದ ಬರಲಿಕತ್ತಾನ," ಅಂದಳು. ಹಗೆಯ ಅಡಗುದಾಣ ಸಿಕ್ಕಿತ್ತು. "ಥಂಡಿ ತಲಿಗಿ ಏರಲಿಕತ್ತದ. ಅದಕ್ಕೇ ಈ ತಲಿಶೂಲಿ."

ನನಗೂ ಅದು ಖರೆ ಅನಿಸಿತು. ಬೆಂಕಿ ಹೊಟ್ಟೆಗೆ ಬೆಚ್ಚಗೆ, ಗಾಳಿ ತಲೆಗೆ ತಣ್ಣಗೆ, ಇನ್ನೇನು ಬೇಕು ತಲೆ ನೋಯಲು? ಅತ್ತೆ ಹಿಂದಿನ ಕಿಂಡಿಗೆ ಪರಸಿಯ ಚೂರು ಇಟ್ಟು ಸೆಗಣಿ ಮಣ್ಣು ಮೆತ್ತಿದಳು. ತನ್ನ ಹಸಿರು ಸೀರೆಯ ಸೆರಗನ್ನು ಉದ್ದಕ್ಕೆ ಹರಿದು, ಹುರಿ ಹೊಸೆದು, ಬಾಗಿಲು ಹಾಕಿದ ಮೇಲೆ ಕೆಳಗಿನ ಸಂದಿಗೆ ಒತ್ತಿ ಒತ್ತಿ ತುರುಕುತ್ತಿದ್ದಳು. ನದಿಯವರು ದೋಣಿಯ ಬಿರುಕಿಗೆ ನಾರು ತುಂಬುವ ಹಾಗೆ, ಒಂದು ಕೂದಲೆಳೆಯಷ್ಟೂ ಬಿಡದೆ.

ಅದೇ ವಾರ ನಾನು ಹೊರಗಾದೆ. ಆಗ ಆ ದಿನಗಳಲ್ಲಿ ಹೆಣ್ಣು ಒಳಗೆ ಬರುವಂತಿರಲಿಲ್ಲ, ಏನನ್ನೂ ಮುಟ್ಟುವಂತಿರಲಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೂಲೆಗೆ ಗೋಣಿತಟ್ಟು ಇಳಿಬಿಟ್ಟು, ಅದರ ಮರೆಯಲ್ಲಿ ನನ್ನ ಹಾಸಿಗೆ. ಮೈಮೇಲೆ ಒಂದು ಹರಕು ಕಂಬಳಿ, ಕೆಳಗೆ ಅದೇ ಪರಸಿ. ಗಂಡನದು ರಾತ್ರಿ ಪಾಳಿ. ಸಂಜೆ ಮಗಳು ನನ್ನ ಕಡೆ ಓಡಿ ಬಂದಳು. ಅತ್ತೆ ಅರ್ಧ ದಾರಿಯಲ್ಲೇ ಹಿಡಿದು ಎತ್ತಿಕೊಂಡಳು. ಮಗಳು ಕೈಕಾಲು ಬಡಿದು ಅತ್ತಳು.

"ಚಿಲಕ ಮ್ಯಾಲಿಂದು ಹಾಕತೀನಿ, ಇಲ್ಲಂದ್ರ ಈ ಬಾಯಿಬಡಕಿ ತಗದು ನಿನ್ನ ಹತ್ತರ ಬರತಾಳ," ಅಂದಳು ಅತ್ತೆ. ನಂತರ ಬಾಗಿಲು ಹಾಕುವ ಮೊದಲು ತಿರುಗಿ, "ನಿನಗ ಭಾಳ ಥಂಡಿ ಹತ್ತತದೇನು?" ಎಂದು ಕೇಳಿದಳು.

"ಇಲ್ಲ, ಬ್ಯಾಸಗಿ ಬಿಸಿಲು ಬಿದ್ದದ," ಅಂದೆ ನಾನು ಸಿಟ್ಟಿನಿಂದ. ಅವಳು ಹೂಂ ಅಂದು ಬಾಗಿಲು ಹಾಕಿಕೊಂಡಳು. ಒಳಗೆ ಬಟ್ಟೆಯ ಹುರಿ ಸಂದಿಗೆ ತುರುಕುವ ಸದ್ದು ಕೇಳಿತು. ಅವಳ ಕೂಡ ನಾನು ಆಡಿದ ಕಡೆಯ ಮಾತು ಅದು.

ಚಳಿಗೆ ಹಲ್ಲು ಕಟಕಟಿಸುತ್ತ ಬಿದ್ದುಕೊಂಡಿದ್ದ ನನಗೆ ಒಳಗೆ ಬೆಚ್ಚಗೆ ಮಲಗಿದವರ ಮೇಲೆ ಹೊಟ್ಟೆಕಿಚ್ಚು. ಮಗಳ ಅಳು ಸ್ವಲ್ಪ ಹೊತ್ತಿಗೆ ನಿಂತಿತು. ಆಮೇಲೆ ಏನೂ ಕೇಳಲಿಲ್ಲ. ಬೇರೆ ದಿನ ಎರಡು ಮೂರು ಸಲ ಎದ್ದು ಚೀರುವವಳು ಅವತ್ತು ಚೀರಲಿಲ್ಲ. ಅಂತೂ ಶಾಣ್ಯಾ ಆದಳು ಅಂದುಕೊಂಡು ಕಂಬಳಿ ಎಳೆದುಕೊಂಡೆ.

ಬೆಳಕು ಬಿಟ್ಟಿತು. ಪಕ್ಕದ ಖೋಲಿಗಳಲ್ಲಿ ಕೊಡಗಳ ಸದ್ದು, ಕಟ್ಟೆಗಳ ಮೇಲೆ ಸಿಗಡಿಗಳ ಹೊಗೆ. ನಮ್ಮ ಬಾಗಿಲು ತೆರೆಯಲಿಲ್ಲ. ಅತ್ತೆ ಕೋಳಿಗಿಂತ ಮೊದಲು ಏಳುವವಳು. ನಾನು ಹೊರಗಿನಿಂದಲೇ ಕೂಗಿದೆ. ಮತ್ತೆ ಕೂಗಿದೆ. ಆಗ ಬಾಗಿಲಿನ ಬುಡದಲ್ಲಿ ಒಂದು ಸಣ್ಣ ನರಳಾಟ ಕೇಳಿತು. ಬಗ್ಗಿ ನೋಡಿದರೆ ಸಂದಿಯಲ್ಲಿ ಬಟ್ಟೆಯ ಹುರಿ ಇರಲಿಲ್ಲ. ಅದರ ಜಾಗದಲ್ಲಿ ನನ್ನ ಮಗಳ ನಾಲ್ಕು ಬೆರಳುಗಳಿದ್ದವು, ಕಲ್ಲಿನಷ್ಟೇ ತಣ್ಣಗೆ, ನೀಲಿಯಾಗಿ. ಬೆರಳುಗಳ ಹಿಂದೆ ಅವಳ ಮೂಗು. ಉಸಿರು ಹೊಸ್ತಿಲಿಗೆ ಬಡಿದು ಬರುತ್ತಿತ್ತು.

ಮುಟ್ಟಬಾರದವಳು ನಾನು. ಮುಟ್ಟಿದೆ. ಆ ಬೆರಳುಗಳನ್ನು ಹಿಡಿದುಕೊಂಡು ಇಡೀ ಸಾಲುಮನೆ ಏಳುವ ಹಾಗೆ ಚೀರಿದೆ.

ಪಾಳಿ ಮುಗಿಸಿ ಬರುತ್ತಿದ್ದ ಗಂಡ ನನ್ನ ಕೂಗು ಕೇಳಿ ಓಡಿ ಬಂದ. ನೆರೆಯವರು ಬಾಗಿಲಿನ ಹಲಗೆಯನ್ನು ಕೀಲಿನಿಂದ ಎಬ್ಬಿಸಿದರು. ತೆಗೆದರೆ ಅತ್ತೆ ಬೋರಲು ಬಿದ್ದಿದ್ದಳು, ಕಾಲು ಹಾಸಿಗೆಯ ಕಡೆ, ಕೈ ಬಾಗಿಲಿನ ಕಡೆ ಚಾಚಿ. ಹಾಸಿಗೆಯಿಂದ ಬಾಗಿಲಿನವರೆಗೆ ಕೌದಿ ಎಳೆದುಕೊಂಡು ಬಂದ ಗುರುತಿತ್ತು, ನೀರಿನ ತಂಬಿಗೆ ಉರುಳಿ ಕೌದಿಯ ಅಂಚು ತೊಯ್ದಿತ್ತು. ಎತ್ತಿಕೊಳ್ಳಲು ತೋಳಲ್ಲಿ ಬಲವಿಲ್ಲದೆ ಅವಳು ಕೂಸನ್ನು ಕೌದಿಯ ಸಮೇತ ಎಳೆದಿದ್ದಳು. ಎದ್ದು ನಿಲ್ಲಲು ಕಾಲು ಬಾರದೆ ಮೇಲಿನ ಚಿಲಕ ಅವಳಿಗೆ ಎಟುಕಿರಲಿಲ್ಲ. ಎಟುಕಿದ್ದು ಕೆಳಗಿನ ಸಂದಿಯೊಂದೇ. ತಾನೇ ಒತ್ತಿ ಒತ್ತಿ ತುಂಬಿದ ಹಸಿರು ಹುರಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದಿದ್ದಳು. ಇನ್ನೊಂದು ಕೈ ಕೂಸಿನ ಗದ್ದದ ಕೆಳಗಿತ್ತು, ಎರೆಯುವಾಗ ಇಡುತ್ತಿದ್ದ ಹಾಗೆ.

ಸಿಗಡಿಯಲ್ಲಿ ಇನ್ನೂ ಕೆಂಪಿತ್ತು. ಒಂದಿಷ್ಟೂ ಹೊಗೆಯಿರಲಿಲ್ಲ.

ದವಾಖಾನೆಯ ಕಂಪೌಂಡರನನ್ನು ಕರೆತಂದರು. ಅವನು ಮೊದಲು ಸಿಗಡಿ ನೋಡಿದ, ಆಮೇಲೆ ಮಣ್ಣು ಮೆತ್ತಿದ ಕಿಂಡಿ ನೋಡಿದ. "ಹೊಗಿ ಇಲ್ಲಂದ್ರ ವಿಷ ಇಲ್ಲಂತ ತಿಳಕೊಂಡ್ರೇನು?" ಅಂದ. ಹೌದು, ಹಾಗೇ ತಿಳಿದಿದ್ದೆವು. ನಮಗೆ ಗೊತ್ತಿದ್ದ ಬೆಂಕಿಗಳೆಲ್ಲ ಕೆಡುಕು ಮಾಡುವ ಮೊದಲು ಕೆಮ್ಮಿಸಿ ಎಬ್ಬಿಸುತ್ತಿದ್ದವು. ಮಗಳನ್ನು ಬಿಸಿಲಲ್ಲಿ ಮಲಗಿಸಿ ಕೈಕಾಲು ತಿಕ್ಕಿರಿ ಅಂದ. ತಿಕ್ಕಿದೆವು. ಮಧ್ಯಾಹ್ನದ ಹೊತ್ತಿಗೆ ಅವಳು ಕಣ್ಣು ಬಿಟ್ಟು ನೀರು ಕುಡಿದಳು.

ಅತ್ತೆಯ ಮುಖ ಕೆಂಪಗಿತ್ತು. ಬೆಚ್ಚಗೆ ಮಲಗಿ ಎದ್ದವರ ಮುಖದಂತೆ, ಗಲ್ಲಗಳಲ್ಲಿ ರಕ್ತ ತುಂಬಿ. ಅದನ್ನು ನೋಡಿ ಸಾಲುಮನೆಯ ಹೆಂಗಸರು, "ಪುಣ್ಯಾತ್ಗಿತ್ತಿ, ನಿದ್ದ್ಯಾಗ ಹ್ವಾದಳು, ನೋವಿಲ್ಲ ನರಳಿಲ್ಲ," ಅಂದರು. ನನಗೆ ಮೈಯೆಲ್ಲ ಉರಿಯಿತು. "ನಿದ್ದ್ಯಾಗ ಹೋಗಿಲ್ಲರೀ! ತೆವಳಕೋತ ಬಂದಾಳ. ಬಂದು ಬಾಗಲ ಸಂದಿ ಬಿಚ್ಯಾಳ ನನ್ನ ಮಗಳಿಗಿ," ಎಂದು ಹೆಣದ ಮುಂದೆಯೇ ಜಗಳ ತೆಗೆದೆ. ಮುಟ್ಟಿನವಳು ಹೆಣ ಮುಟ್ಟಿದ್ದಕ್ಕೆ ಒಬ್ಬಳು ಮುಖ ಸಿಂಡರಿಸಿದಳು. ಅವಳಿಗೂ ಬೈದೆ.

ಇಷ್ಟು ವರ್ಷವಾದರೂ ಒಂದು ಯೋಚನೆ ನನ್ನನ್ನು ಬಿಡುವುದಿಲ್ಲ. ತಲೆ ತಿರುಗಿ, ಕಾಲು ಸೋತು, ಏನಾಗುತ್ತಿದೆ ಎಂದು ತಿಳಿಯದ ಆ ಕತ್ತಲಲ್ಲಿ ಅವಳಿಗೆ ಏನು ಹೊಳೆದಿರಬೇಕು? ಬೆಂಕಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಮುಳುಗುವವರಿಗೆ ಆಗುವ ಹಾಗೆ ಉಸಿರು ಸಾಲುತ್ತಿಲ್ಲ ಎಂದಷ್ಟೇ ಗೊತ್ತಾಗಿರಬೇಕು. ಹುಟ್ಟಿದಾಗಿನಿಂದ ಕಲಿತದ್ದನ್ನು ಮಾಡಿದಳು, ಕೂಸಿನ ಮೂಗು ಮೇಲೆತ್ತಿದಳು. ಆದರೆ ಅದಕ್ಕಾಗಿ ಥಂಡಿಯನ್ನು ತಾನೇ ಒಳಗೆ ಕರೆಯಬೇಕಾಯಿತು. ಮೊದಲ ಮೊಮ್ಮಗನನ್ನು ತಿಂದದ್ದನ್ನು ತನ್ನ ಕೈಯಾರೆ ಎರಡನೆಯದರ ಮುಖದ ಮೇಲೆ ಬಿಟ್ಟುಕೊಂಡಳು. ಅದು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಎಂಬುದು ನನಗೊಬ್ಬಳಿಗೇ ಗೊತ್ತು.

ಮಣ್ಣು ಮಾಡಿ ಬಂದ ಸಂಜೆ ಮತ್ತೆ ಅದೇ ಖೋಲಿ. ಹೋಗಲು ನಮಗೆ ಬೇರೆ ಜಾಗವೆಲ್ಲಿತ್ತು? ಸಿಗಡಿಯನ್ನು ನಾನು ಕಟ್ಟೆಯಿಂದ ಕೆಳಗೆ ಎಸೆದಿದ್ದೆ. ಕತ್ತಲಾಗುತ್ತಲೇ ಬಾಗಿಲಿನ ಕೆಳಗಿನಿಂದ ಗಾಳಿ ಹರಿಯತೊಡಗಿತು. ಮಗಳು ಕೌದಿಯೊಳಗೆ ನಡುಗುತ್ತಿದ್ದಳು. ನನ್ನ ಗಂಡ ತಾಯಿಯ ಮುಷ್ಟಿಯಿಂದ ಬಿಡಿಸಿ ತಂದಿದ್ದ ಹಸಿರು ಹುರಿಯನ್ನು ಕೈಯಲ್ಲಿ ಹಿಡಿದು ಸಂದಿಯ ಮುಂದೆ ಕೂತ.

"ಬೆಂಕಿ ಇಲ್ಲಲ್ಲ ಈಗ. ಮುಚ್ಚಿದ್ರ ಏನಾಗತದ? ಕೂಸಿಗಿ ಥಂಡಿ ಹತ್ತಲಿಕತ್ತದ," ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

"ಮುಚ್ಚಬ್ಯಾಡ್ರಿ," ಅಂದೆ. "ನಿಮ್ಮವ್ವ ತಗದದ್ದದು."

ಅವನು ಹುರಿಯನ್ನು ಕಣ್ಣಿಗೆ ಒತ್ತಿಕೊಂಡು ಅತ್ತ. ನಾನು ಮಗಳನ್ನು ಸೀರೆಯೊಳಗೆ ಎಳೆದು ಹೊಟ್ಟೆಗೆ ಅಂಟಿಸಿಕೊಂಡೆ, ಮೇಲೆ ಅತ್ತೆಯ ಕೌದಿ ಎಳೆದುಕೊಂಡೆ, ಮುಖ ಮಾತ್ರ ಹೊರಗೆ ಬಿಟ್ಟೆ. ಗಾಳಿ ನಮ್ಮ ಮೇಲೆ ಹಾದು ಹೋಯಿತು. ಮಗಳು ಚಳಿಗೆ ಅಳತೊಡಗಿದಳು. ಒಮ್ಮೆ ನಿಲ್ಲಿಸಿದಳು. ತಕ್ಷಣ ಬೆನ್ನು ತಟ್ಟಿ ಎಬ್ಬಿಸಿದೆ. ಅವಳು ಮತ್ತೆ ಬಾಯಿ ಬಿಟ್ಟು ಚೀರಿದಳು, ಪಕ್ಕದ ಖೋಲಿಯವರು ಗೋಡೆ ಬಡಿದರು.

"ಅಳು ನನ್ನವ್ವಾ, ಅಳು," ಅಂದೆ ಅವಳ ಕಿವಿಯಲ್ಲಿ. "ಶಾಣ್ಯಾ ಆಗಬ್ಯಾಡ."